ಹೊರಡುವವರ ಕಿಲುಬು

ನಮ್ಮೂರಿನಲ್ಲಿ ಯಾರ ಮನೆಗೆ ಹೋದರೂ ಅವರ ತಾಮ್ರ ಹಿತ್ತಾಳೆಯ ಕಡೆ ಕಣ್ಣು ಹಾಯಿಸಬಾರದು. ಗೋಡೆ ನೋಡಬೇಕು, ಕ್ಯಾಲೆಂಡರ್ ನೋಡಬೇಕು, ಕೊಟ್ಟ ಚಹಾ ಕುಡಿದು ಎದ್ದು ಬರಬೇಕು. ಮನೆಯಲ್ಲಿ ಯಾರಾದರೂ ಬಿಟ್ಟುಹೋಗುವ ಮನಸ್ಸು ಮಾಡಿ, ಅದನ್ನು ಬಾಯಿಬಿಟ್ಟು ಹೇಳದೆ ಒಳಗೇ ಇಟ್ಟುಕೊಂಡರೆ ಆ ಮನೆಯ ತಾಮ್ರ ಹಿತ್ತಾಳೆಗೆಲ್ಲ ಹಸಿರು ಕಿಲುಬು ಹಿಡಿಯುತ್ತದೆ. ಹೇಳಿಬಿಟ್ಟರೆ ನಿಲ್ಲುತ್ತದೆ. ಹೊರಟವರು ಯಾರು ಅನ್ನುವುದನ್ನು ಮಾತ್ರ ಕಿಲುಬು ತೋರಿಸುವುದಿಲ್ಲ. ಇಡೀ ಮನೆಗೆ ಒಂದೇ ಸಮನೆ ಹಿಡಿಯುತ್ತದೆ. ನಮ್ಮೂರಿನ ಜಗಳಗಳೆಲ್ಲ ಹುಟ್ಟಿದ್ದು ಅಲ್ಲಿಂದಲೇ.

ನಮ್ಮಮ್ಮನ ಕಾಲದಲ್ಲಿ ಹೆಂಗಸರು ಮನೆಯವರೆಲ್ಲ ಏಳುವ ಮುಂಚೆ ಎದ್ದು ಹುಣಸೆಹಣ್ಣಿನಿಂದ ಪಾತ್ರೆ ತಿಕ್ಕಿಡುತ್ತಿದ್ದರು. ಆಮೇಲೆ ಸ್ಟೀಲು ಬಂತು, ಪ್ಲಾಸ್ಟಿಕ್ಕು ಬಂತು. ಹಂಡೆ, ಬಿಂದಿಗೆ, ದೇವರ ಮುಂದಿನ ದೀಪವನ್ನೂ ಮಾರಿ ಊರು ಹಗುರವಾಗಿ ಉಸಿರಾಡಿತು. ಗೋಡೆಯೊಳಗಿನ ತಂತಿ ಹಸಿರಾಗಿ ದೀಪ ಮಿಣುಕಿದರೆ ವೋಲ್ಟೇಜ್ ಕಡಿಮೆ ಎಂದು ಸುಮ್ಮನಾಗುತ್ತಿದ್ದರು. ಅಷ್ಟರಲ್ಲಿ ಮನೆಮನೆಗೂ ಕಂಪ್ಯೂಟರ್ ಬಂತು. ಅದರ ಹೊಟ್ಟೆಯೊಳಗೆ ತಾಮ್ರ ಇದೆ ಎಂದು ಕೊಳ್ಳುವಾಗ ಯಾರಿಗೂ ಹೊಳೆಯಲಿಲ್ಲ. ಇಂಥ ಊರಿನಲ್ಲಿ ನಾನು, ದಾಕ್ಷಾಯಣಿ, ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ.

ನನ್ನ ಹತ್ತಿರ ಬರುವ ಯಂತ್ರಗಳಲ್ಲಿ ಮುಕ್ಕಾಲು ಪಾಲಿಗೆ ಒಂದೇ ಕಾಯಿಲೆ. ಸ್ವಿಚ್ ಹಾಕಿದರೆ ಬೀಪ್ ಬೀಪ್ ಎಂದು ಕೂಗುತ್ತವೆ, ಪರದೆ ಮೇಲೆ ಏನೂ ಮೂಡುವುದಿಲ್ಲ. ಮುಚ್ಚಳ ಬಿಚ್ಚಿ ರ‍್ಯಾಮ್ ಎನ್ನುವ ಮೆಮೊರಿ ಪಟ್ಟಿಯನ್ನು ಹೊರಗೆ ತೆಗೆದರೆ, ಅದರ ಅಂಚಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಸಾಲಾಗಿರುವ ಚಿನ್ನದ ಬಣ್ಣದ ಗೆರೆಗಳ ಮೇಲೆ ಹಸಿರು ಪುಡಿ ಕೂತಿರುತ್ತದೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಬೇಕು. ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಬೇಕು. ಪಟ್ಟಿ ಕೂರುವ ಸಂದಿನೊಳಗೆ ಮೆತ್ತನೆಯ ಬ್ರಷ್ ಆಡಿಸಿ, ಒಣಗಲು ಬಿಟ್ಟು, ಮತ್ತೆ ಕೂರಿಸಬೇಕು. ಸಿಟ್ಟಿನಿಂದ ಉಜ್ಜಿದರೆ ಮೇಲಿನ ಚಿನ್ನದ ಲೇಪವೇ ಹೋಗಿ ಮುಂದಿನ ಸಲ ಇನ್ನೂ ಬೇಗ ಹಸಿರಾಗುತ್ತದೆ.

ಯಾರು ಏನು ಕೇಳಿದರೂ ನಾನು ಹೇಳುತ್ತಿದ್ದದ್ದು ಧೂಳು ಎಂದೇ. ನನಗಿಂತ ಮುಂಚೆ ಇಲ್ಲಿ ರಿಪೇರಿ ಮಾಡುತ್ತಿದ್ದ ತಿಪ್ಪೇಶಿ ಒಂದು ಮನೆಯವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ. ಅವರು ಕಿರಿಯ ಸೊಸೆಯನ್ನು ಇಡೀ ಬೇಸಿಗೆ ಹೊಸ್ತಿಲು ದಾಟಲು ಬಿಡಲಿಲ್ಲ. ಕೊನೆಗೆ ಹೊರಟುಹೋದದ್ದು ಆ ಮನೆಯ ಹಿರಿಯ ಮಗ. ಸೊಸೆಯ ತವರಿನವರು ಬಂದು ತಿಪ್ಪೇಶಿಯ ಅಂಗಡಿಯ ಗಾಜು ಒಡೆದರು.

ಜವಳಿ ಅಂಗಡಿಯ ಚನ್ನವೀರಪ್ಪ ತಮ್ಮ ಮನೆಯ ಕಂಪ್ಯೂಟರನ್ನು ಬೆಡ್‌ಶೀಟಿನಲ್ಲಿ ಸುತ್ತಿ ತರುತ್ತಿದ್ದರು. ನಾನು ಕೆಲಸ ಮಾಡುವಷ್ಟು ಹೊತ್ತೂ ಕುರ್ಚಿ ಎಳೆದುಕೊಂಡು ನನ್ನ ಕೈಯನ್ನೇ ನೋಡುತ್ತಿದ್ದರು.

"ಏನಾಗಿತ್ತಮ್ಮ ಅದಕ್ಕೆ?"

"ಧೂಳು ಕೂತಿತ್ತು."

"ಬರೀ ಧೂಳಾ?"

"ಬರೀ ಧೂಳು."

"ಹಸಿರು ಧೂಳಾ?"

ನಾನು ಮುಚ್ಚಳದ ಸ್ಕ್ರೂ ಬಿಗಿ ಮಾಡಿದೆ. ಅವರು ಬೆಡ್‌ಶೀಟ್ ಮಡಚುತ್ತಾ, "ಸಣ್ಣ ಮಗ ಈ ನಡುವೆ ಊಟಕ್ಕೆ ಎಲ್ಲರ ಜೊತೆ ಕೂರ್ತಾ ಇಲ್ಲ" ಎಂದು ತಮಗೆ ತಾವೇ ಹೇಳಿಕೊಂಡು ಎದ್ದು ಹೋದರು. ಅವರ ಮನೆಯಲ್ಲಿ ಅಂದು ರಾತ್ರಿ ಯಾರನ್ನು ಏನು ಕೇಳಿದರೋ. ಸಂತೆಯಲ್ಲಿ ಎದುರಾದರೆ ನನ್ನನ್ನು ನೋಡಿ ಜನ ರಸ್ತೆ ದಾಟುತ್ತಿದ್ದರು. ಯಾರ ಮನೆಯೊಳಗೆ ಏನು ಬೇಯುತ್ತಿದೆ ಎಂದು ನನಗೆ ಗೊತ್ತಿದೆ ಎಂಬ ಅನುಮಾನ ಅವರಿಗೆ. ಇರಲಿ ಬಿಡು, ನಮ್ಮ ಮನೆ ನೆಟ್ಟಗಿದೆಯಲ್ಲ ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ನಮ್ಮ ಮನೆಯಲ್ಲಿ ನಾವು ಮೂವರೇ. ನನ್ನ ಗಂಡ ಪಂಪಾಪತಿ ಬಸ್ ನಿಲ್ದಾಣದಲ್ಲಿ ಮೈಕ್ ಹಿಡಿದು ಬಸ್ಸುಗಳನ್ನು ಕೂಗುವವರು. ಇಂಥ ಊರಿನ ಬಸ್ಸು ಇಂಥ ಕಡೆ ನಿಂತಿದೆ, ಹತ್ತಿಕೊಳ್ಳಿ ಎನ್ನುವ ಅವರ ದನಿ ನಮ್ಮ ಬೀದಿಯವರೆಗೂ ಕೇಳುತ್ತದೆ. ನನ್ನ ಅತ್ತೆ ಕೊಟ್ರಮ್ಮ ಅಡುಗೆಮನೆಯ ಒಡತಿ. ರೊಟ್ಟಿ ಬಡಿಯುವುದರಲ್ಲಿ ಅವರದು ಎತ್ತಿದ ಕೈ. ಮಧ್ಯಾಹ್ನ ಬಿಡುವಾದಾಗ ನಡುಮನೆಯ ಕಂಪ್ಯೂಟರ್ ಮುಂದೆ ಕೂತು, ಹೊಳೆಯಾಚೆಯ ಊರಿನಲ್ಲಿರುವ ಗೆಳತಿ ಈರಮ್ಮನ ಜೊತೆ ಮುಖ ನೋಡಿಕೊಂಡು ಮಾತಾಡುವುದನ್ನು ನಾನೇ ಕಲಿಸಿಕೊಟ್ಟಿದ್ದೆ.

ಒಂದು ಬೆಳಿಗ್ಗೆ ಆ ಕಂಪ್ಯೂಟರ್ ಬೀಪ್ ಎಂದಿತು. ಅಂಗಡಿಯಲ್ಲಿ ದಿನವೂ ಕೇಳುವ ಸದ್ದು, ಮನೆಯೊಳಗೆ ಕೇಳಿದ್ದು ಮಾತ್ರ ಅದೇ ಮೊದಲು. ಇವರು ಕೆಲಸಕ್ಕೆ ಹೋಗಿದ್ದರು, ಅತ್ತೆ ಹಿತ್ತಲಲ್ಲಿದ್ದರು. ಮುಚ್ಚಳ ಬಿಚ್ಚಿ ನೋಡಿದೆ. ಹಸಿರು. ಒಂದೆರಡು ಹಲ್ಲಿಗಲ್ಲ, ಉದ್ದಕ್ಕೂ. ಬೇಗಬೇಗ ಉಜ್ಜಿ, ಒರೆಸಿ, ಮುಚ್ಚಿಟ್ಟೆ. ಬೇರೆಯವರ ಮನೆಯದನ್ನು ಬಚ್ಚಿಟ್ಟು ರೂಢಿಯಾಗಿತ್ತಲ್ಲ, ನಮ್ಮದನ್ನೂ ಅದೇ ಸಲೀಸಿನಲ್ಲಿ ಬಚ್ಚಿಟ್ಟೆ.

ಮರುದಿನ ಮತ್ತೆ ಹಸಿರು. ಅದರ ಮರುದಿನವೂ. ನಾನಲ್ಲ ಎಂದು ನನಗೆ ಗೊತ್ತಿತ್ತು. ಹಾಗಾದರೆ ಯಾರು? ಇವರು ಇತ್ತೀಚೆಗೆ ಫೋನ್ ಬಂದರೆ ಎದ್ದು ಕಾಂಪೌಂಡಿನವರೆಗೆ ಹೋಗುತ್ತಿದ್ದರು. ಹೊಸದೊಂದು ಬ್ಯಾಗು ತಂದಿದ್ದರು. ಹಳೆಯದರ ಜಿಪ್ಪು ಕಿತ್ತಿದೆ ಎಂದರು, ನನಗೆ ಅದು ಚೆನ್ನಾಗಿಯೇ ಕಂಡಿತು. ದಿನವೆಲ್ಲ ಹೊರಟು ನಿಂತ ಬಸ್ಸುಗಳ ನಡುವೆ ಇರುವ ಮನುಷ್ಯ. ಒಂದು ದಿನ ಮೈಕ್ ಕೆಳಗಿಟ್ಟು ಯಾವುದಾದರೂ ಬಸ್ಸಿಗೆ ತಾನೇ ಹತ್ತಿಕೊಳ್ಳುವುದು ಎಷ್ಟರ ಕೆಲಸ? ಅಂಗಡಿಯಲ್ಲಿ ಕೂತು ಅವರ ದನಿಗೆ ಕಿವಿಗೊಡತೊಡಗಿದೆ. ದನಿ ಕೇಳುತ್ತಿರುವವರೆಗೆ ಸಮಾಧಾನ. ಊಟದ ಬಿಡುವಿನಲ್ಲಿ ದನಿ ನಿಂತರೆ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಹಾಗೇ ನಿಲ್ಲುತ್ತಿತ್ತು.

ಅವರು ಸ್ನಾನಕ್ಕೆ ಹೋದಾಗ ಬ್ಯಾಗು ತೆರೆದು ನೋಡಿದೆ. ಊಟದ ಡಬ್ಬಿ, ಗಂಟಲು ಒಣಗದಿರಲೆಂದು ಕಲ್ಲುಸಕ್ಕರೆ, ಒಂದು ಟವೆಲ್. ಏನೂ ಸಿಗಲಿಲ್ಲ ಎನ್ನುವುದೇ ಇನ್ನೊಂದು ಅನುಮಾನವಾಯಿತು. ಇಷ್ಟು ಹುಷಾರಾಗಿದ್ದಾರಲ್ಲ ಎಂದುಕೊಂಡೆ.

ಒಂದು ಮಧ್ಯಾಹ್ನ ಅವರು ಹೇಳದೆ ಮನೆಗೆ ಬಂದರು. ನಾನು ರ‍್ಯಾಮ್ ಪಟ್ಟಿ ಹಿಡಿದು ಕಿಟಕಿಯ ಬೆಳಕಿಗೆ ಕೂತಿದ್ದೆ.

"ಯಾರ ಮನೇದು ಅದು?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ನಮ್ಮದೇ."

ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. "ಎಷ್ಟು ದಿನದಿಂದ ಉಜ್ತಾ ಇದೀಯಾ?"

"ಕೆಲವು ದಿನ ಆಯ್ತು."

"ನನಗೆ ಹೇಳಲಿಲ್ಲ."

"ನೀವು ಏನಾದರೂ ಹೇಳಬೇಕಿತ್ತಾ ಅಂತ ಕಾಯ್ತಾ ಇದ್ದೆ."

ಅವರು ನೀರು ಕುಡಿದು ಮತ್ತೆ ಕೆಲಸಕ್ಕೆ ಹೋದರು. ಅವರಿಗೂ ತಾವಲ್ಲ ಎಂದು ಗೊತ್ತಿತ್ತು ಎಂಬುದು ನನಗೆ ಆಗ ಹೊಳೆಯಲಿಲ್ಲ. ಕಿಲುಬನ್ನು ಬಚ್ಚಿಟ್ಟು ಉಜ್ಜುತ್ತಿದ್ದವಳು ನಾನು. ಅವರ ಲೆಕ್ಕದಲ್ಲಿ ಹೊರಡುವವಳೂ ನಾನೇ. ಅಂದಿನಿಂದ ಹೊತ್ತಲ್ಲದ ಹೊತ್ತಿನಲ್ಲಿ ಅಂಗಡಿಗೆ ಬಂದು ಇಣುಕತೊಡಗಿದರು. ಬಿಡಿಭಾಗ ತಂದುಕೊಡುವ ಏಜೆಂಟ್ ಬಂದರೆ ಅವನು ಎಷ್ಟು ಹೊತ್ತು ಕೂತ, ಏನು ಮಾತಾಡಿದ, ಅವನದು ಯಾವ ಊರು ಎಂದು ಕೇಳುತ್ತಿದ್ದರು. ನನ್ನ ಟೇಬಲ್ಲಿನ ಡ್ರಾಯರ್ ಒಳಗಿನ ಸಾಮಾನು ನಾನು ಇಟ್ಟ ಹಾಗೆ ಇರುತ್ತಿರಲಿಲ್ಲ.

ಊಟಕ್ಕೆ ಕೂತಾಗ ಇಬ್ಬರೂ ತಟ್ಟೆ ನೋಡುತ್ತಿದ್ದೆವು. ಅತ್ತೆ ಇಬ್ಬರಿಗೂ ಬಡಿಸಿ, ಯಾರೂ ಕೇಳದಿದ್ದರೂ ಇನ್ನೊಂದು ರೊಟ್ಟಿ ಹಾಕಿ, ಗೋಡೆಗೆ ಒರಗಿ ಕೂರುತ್ತಿದ್ದರು. ಏನೋ ಹೇಳಲು ಬಾಯಿ ತೆರೆದವರು "ಪಲ್ಯಕ್ಕೆ ಉಪ್ಪು ಸರಿ ಐತಾ?" ಎಂದು ಮುಗಿಸುತ್ತಿದ್ದರು. "ಹ್ಞೂಂ" ಎನ್ನುತ್ತಿದ್ದೆವು.

ಆಮೇಲೆ, ಬೇರೆ ಊರು ಸೇರಿದ್ದ ನನ್ನ ತಮ್ಮ ಮಲ್ಲೇಶಿಯ ಫೋನ್ ಬಂತು. "ಏನಕ್ಕಾ, ಇಲ್ಲಿಗೆ ಬರೋ ಯೋಚನೆ ಇದೆಯಂತೆ? ಭಾವ ಫೋನ್ ಮಾಡಿದ್ರು. ನಿಮ್ಮಕ್ಕ ಏನಾದ್ರೂ ಹೇಳಿದ್ಲಾ ಅಂತ ಕೇಳಿದ್ರು. ಎಲ್ಲಾ ಸರಿ ಇದೆ ತಾನೆ?"

ಸಂಜೆ ಇವರು ಬಂದಾಗ ಚಪ್ಪಲಿ ಬಿಡುವುದಕ್ಕೂ ನಾನು ಅವಕಾಶ ಕೊಡಲಿಲ್ಲ.

"ತವರಿಗೆ ಫೋನ್ ಮಾಡಿ ನನ್ನ ಮಾನ ಕಳೀತೀರಾ? ಹೊರಟಿರೋದು ನೀವು, ಹೆಸರು ನನ್ನದಾ?"

"ನಾನ್ಯಾಕೆ ಹೊರಡ್ಲಿ? ಬಚ್ಚಿಟ್ಟಿದ್ದು ಯಾರು, ನಾನಾ?"

"ಆ ಫೋನ್ ಯಾರದು ಹಾಗಾದ್ರೆ? ಕಾಂಪೌಂಡಿಗೆ ಓಡ್ತೀರಲ್ಲ!"

"ಡಿಪೋದವರದ್ದು ಮಾರಾಯ್ತಿ! ಒಳಗೆ ಸಿಗ್ನಲ್ ಎಲ್ಲಿ ಸಿಗುತ್ತೆ? ನನ್ನ ಬ್ಯಾಗು ನೀನು ಹುಡುಕಿದ್ದು ನನಗೆ ಗೊತ್ತಿಲ್ಲ ಅಂದ್ಕೊಂಡಿದೀಯಾ? ಟವೆಲ್ ಮಡಿಕೆ ಬೇರೆ ಆಗಿತ್ತು."

ದನಿ ಬೀದಿಗೆ ಕೇಳುವಷ್ಟು ಏರಿತ್ತು. ಅತ್ತೆ ಅಡುಗೆಮನೆಯಿಂದ ಹೊರಗೆ ಬಂದರು. ಎರಡೂ ಕೈ ಜೋಳದ ಹಿಟ್ಟು.

"ಸುಮ್ನಿರ‍್ರೋ ಇಬ್ರೂ. ನಾನು ಕಣೋ. ಹೊರಟಿರೋಳು ನಾನು."

ಇವರು, "ಅವ್ವಾ, ನಮ್ಮ ಜಗಳ ಬಿಡಿಸೋಕೆ ಏನೇನೋ ಹೇಳ್ಬೇಡ" ಎಂದರು.

"ಏನೇನೋ ಅಲ್ಲಪ್ಪ. ಈರಮ್ಮ ಖಾನಾವಳಿ ನಡೆಸ್ತಾಳಲ್ಲ, ಅವಳಿಗೆ ಒಬ್ಬಳಿಗೇ ಆಗ್ತಾ ಇಲ್ಲ. ಬಾ ಅಂತ ಕರೀತಾನೇ ಇದ್ಲು. ಹೋಗ್ಬೇಕು ಅಂತ ಮನಸ್ಸು ಮಾಡ್ದೆ."

"ನಿಮಗೆ ಇಲ್ಲಿ ಏನು ಕಡಿಮೆ ಆಯ್ತು ಅತ್ತೆ?" ಎಂದೆ. ಕಂಡವರೆಲ್ಲ ಸೊಸೆ ಓಡಿಸಿದಳು ಎನ್ನುತ್ತಾರೆ ಎಂಬ ಹೆದರಿಕೆಯೂ ಆ ಮಾತಿನಲ್ಲಿತ್ತು.

"ಕಡಿಮೆ ಏನಿಲ್ಲ ತಾಯಿ. ನೀನು ಒಂದಿನಾನೂ ಗಟ್ಟಿಯಾಗಿ ಮಾತಾಡಿದೋಳಲ್ಲ. ಆದ್ರೆ ಈ ಕೈ ನೋಡು. ಇವರಪ್ಪನಿಗೆ ಉಪ್ಪು ಆಗ್ತಿರಲಿಲ್ಲ, ಇವನಿಗೆ ಖಾರ ಆಗಲ್ಲ, ನೀನು ಎರಡು ರೊಟ್ಟಿ ಮೇಲೆ ಮುಟ್ಟಲ್ಲ. ನಾನು ಹುಟ್ಟಿದಾಗಿಂದ ಒಂದು ಸಲಾನೂ ನನ್ನ ಮನಸ್ಸಿಗೆ ಬಂದಷ್ಟು ಅಡುಗೆ ಮಾಡಿಲ್ಲ. ಯಾರೋ ಗುರುತಿಲ್ಲದೋರು ಬಂದು ಕೂತು, ಇನ್ನೊಂದು ಹಾಕವ್ವ ಅಂತ ತಾವಾಗೇ ಕೇಳಬೇಕು. ಅದನ್ನ ನೋಡೋ ಆಸೆ."

"ಇದನ್ನ ಹೇಳೋಕೆ ಇಷ್ಟು ದಿನ ಬೇಕಾಯ್ತಾ ಅವ್ವಾ?"

"ಹೇಳಿದ್ರೆ ಬಿಡ್ತಿದ್ಯಾ? ನಾಳೆ ಹೇಳೋಣ, ನಾಳೆ ಹೇಳೋಣ ಅಂತ ಇದ್ದೆ." ಅವರು ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡರು. "ನೀವು ಒಬ್ರ ಮುಖ ಒಬ್ರು ಕಳ್ಳರನ್ನ ನೋಡೋ ಹಂಗೆ ನೋಡ್ತಿದ್ರಿ. ನನ್ನ ಕಡೆ ಒಬ್ರೂ ತಿರುಗಿ ನೋಡಲಿಲ್ಲ. ಈ ಮುದುಕಿಗೂ ಹೋಗೋಕೆ ಒಂದು ಜಾಗ ಇರಬಹುದು ಅಂತ ನಿಮಗೆ ಅನ್ನಿಸಲೇ ಇಲ್ಲ ನೋಡು. ನನಗೆ ಅದೇ ಬೇಜಾರಾಯ್ತು."

ಮರುದಿನ ಪಟ್ಟಿ ತೆಗೆದು ನೋಡಿದೆ. ಹಿಂದಿನ ದಿನ ಒರೆಸಿಟ್ಟಂತೆಯೇ ಹೊಳೆಯುತ್ತಿತ್ತು. ಅತ್ತೆಯನ್ನು ಇನ್ನು ತಡೆಯುವ ಮಾತೇ ಇರಲಿಲ್ಲ.

ಹೊರಟ ದಿನ ಅವರು ಖಾರ ಅರೆಯುವ ಗುಂಡುಕಲ್ಲು, ರೊಟ್ಟಿಯ ಹೆಂಚು, ಎರಡು ಸೀರೆ ಕಟ್ಟಿಕೊಂಡರು. ನಾನು ಬಸ್ ನಿಲ್ದಾಣಕ್ಕೆ ಹೋಗಿ ಕೂರಿಸಿ ಬಂದೆ. ಇವರು ಮೈಕಿನ ಕೋಣೆಯಿಂದ ಹೊರಗೆ ಬರಲಿಲ್ಲ. ಬಸ್ಸು ಹೊರಡುವ ಹೊತ್ತಿಗೆ ಊರಿನ ಹೆಸರು ಹೇಳಿ, ದಾರಿಯ ಊರುಗಳ ಹೆಸರು ಹೇಳಿ, ಎಂದೂ ಹೇಳದ ಒಂದು ಮಾತು ಸೇರಿಸಿದರು: "ಚಾಲಕರು ನಿಧಾನವಾಗಿ ಹೋಗಬೇಕಾಗಿ ವಿನಂತಿ." ಅತ್ತೆ ಕಿಟಕಿಯಿಂದ ಕೈ ಬೀಸಿ ನಕ್ಕರು. ಬಸ್ಸಿನಲ್ಲಿದ್ದ ಬೇರೆ ಯಾರಿಗೂ ಏನೂ ಅರ್ಥವಾಗಲಿಲ್ಲ.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮನೆ ಹಳೆಯ ಹಾಗಾಗುತ್ತದೆ ಎಂದುಕೊಂಡೆ. ಇಬ್ಬರೂ ತಪ್ಪಾಯಿತು ಎಂದು ಹೇಳಿಕೊಂಡಿದ್ದೆವು. ಆದರೂ ನಾನು ಅವರ ಅಂಗಿ ಒಗೆಯಲು ಎತ್ತಿಕೊಂಡಾಗ ಅವರ ಕಣ್ಣು ನನ್ನ ಕೈಯ ಮೇಲೆ ಬರುತ್ತಿತ್ತು. ನಾನು ಅಂಗಡಿಯ ಬಾಗಿಲಿಗೆ ಯಾರ ನೆರಳು ಬಿದ್ದರೂ ಇವರೇ ಇಣುಕಲು ಬಂದರೆಂದು ತಿರುಗುತ್ತಿದ್ದೆ. ಮಳೆಗಾಲ ಶುರುವಾಗುವ ಹೊತ್ತಿಗೆ ನಡುಮನೆಯಲ್ಲಿ ಮತ್ತೆ ಬೀಪ್ ಸದ್ದಾಯಿತು. ಇಬ್ಬರೂ ಅಲ್ಲೇ ಇದ್ದೆವು. ನಾನು ಪಟ್ಟಿಯನ್ನು ಹೊರತೆಗೆದು ಟೇಬಲ್ಲಿನ ಮೇಲೆ ಇಟ್ಟೆ. ಈ ಸಲ ಹುಡುಕುವುದಕ್ಕೆ ಹೆಚ್ಚು ಜನರಿರಲಿಲ್ಲ.

"ನಾನೇ" ಎಂದರು ಅವರು. ಮೈಕಿನಲ್ಲಿ ಹೇಳುವಂತೆ ಸ್ಪಷ್ಟವಾಗಿ ಹೇಳಿದರು. "ನಿನ್ನ ಮೇಲೆ ಸಿಟ್ಟಿಲ್ಲ ದಾಕ್ಷಿ. ಆದ್ರೆ ಈ ಮನೇಲಿ ಅಂಗಿ ಬಿಚ್ಚಿ ನೇತುಹಾಕಿದ್ರೆ ಜೇಬಿನಲ್ಲಿ ಯಾರದೋ ಕೈ ಇದೆ ಅನ್ಸುತ್ತೆ. ನಾನೂ ನಿನ್ನ ಡ್ರಾಯರ್ ಹುಡುಕಿದೋನೇ, ಇಲ್ಲ ಅನ್ನಲ್ಲ. ಅವ್ವ ಇರೋ ಊರಿನ ನಿಲ್ದಾಣದಲ್ಲಿ ಒಬ್ಬರು ರಜೆ ಮೇಲೆ ಹೋಗ್ತಿದಾರಂತೆ. ಅಲ್ಲಿಗೆ ಹಾಕಿ ಅಂತ ಕೇಳೋಣ ಅಂತಿದ್ದೆ."

"ಎಷ್ಟು ದಿನಕ್ಕೆ?"

"ಗೊತ್ತಿಲ್ಲ."

ನಾನು ತಡೆಯಲಿಲ್ಲ. ಬೇಡ ಎಂದರೆ ಉಳಿಯುತ್ತಿದ್ದರು. ಉಳಿದರೆ ದಿನವೂ ಆ ಪಟ್ಟಿಯನ್ನು ಉಜ್ಜುತ್ತಾ ಕೂರಬೇಕಿತ್ತು. ಅವರ ಹೊಸ ಬ್ಯಾಗಿಗೆ ನಾನೇ ಬಟ್ಟೆ ಜೋಡಿಸಿದೆ.

ಆಮೇಲೆ ಬಸ್ ನಿಲ್ದಾಣದಿಂದ ಇನ್ಯಾರದೋ ದನಿ ಕೇಳತೊಡಗಿತು. ಊರಿನ ಹೆಸರುಗಳನ್ನು ನುಂಗಿ ನುಂಗಿ ಹೇಳುವ ದನಿ. ನಮ್ಮ ಮನೆಯ ಕಂಪ್ಯೂಟರ್ ಒಂದೇ ಒಂದು ದಿನ ತೊಂದರೆ ಕೊಡಲಿಲ್ಲ. ಪಟ್ಟಿ ತೆಗೆದು ನೋಡಿದರೆ ಹೊಸ ಬಳೆಯ ಹಾಗೆ ಮಿನುಗುತ್ತಿತ್ತು. ಊರಿನವರು ತಮ್ಮ ಯಂತ್ರಗಳನ್ನು ತಂದಾಗ ಪಕ್ಕದಲ್ಲೇ ಇರುವ ನಮ್ಮ ಖಾಲಿ ಮನೆಯನ್ನು ಓರೆಗಣ್ಣಿನಿಂದ ನೋಡಿ, ಇವಳಲ್ಲಿ ಏನೋ ಇದೆ, ಇಲ್ಲದಿದ್ದರೆ ಇಬ್ಬರೂ ಯಾಕೆ ಬಿಟ್ಟುಹೋದರು ಎಂದು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು.

ಇವರು ಆಗಾಗ ಫೋನ್ ಮಾಡುತ್ತಿದ್ದರು. ಡ್ಯೂಟಿ ಮುಗಿಸಿ ಖಾನಾವಳಿಗೆ ಹೋಗಿ ತಟ್ಟೆ ಬಡಿಸುತ್ತಾರಂತೆ. ಅತ್ತೆ ಗಿರಾಕಿಗಳನ್ನು ಗದರಿಸಿ ತಿನ್ನಿಸುತ್ತಾರಂತೆ. ನಾನು ಚುಟುಕಾಗಿ ಉತ್ತರ ಕೊಟ್ಟು ಇಡುತ್ತಿದ್ದೆ. "ಒಂದ್ಸಲ ಬಂದು ಹೋಗು" ಎಂದು ಅತ್ತೆ ಕರೆದರೆ "ಅಂಗಡಿ ಯಾರು ನೋಡ್ತಾರೆ?" ಎನ್ನುತ್ತಿದ್ದೆ. ಈ ಅಂಗಡಿಯನ್ನು ನಾನು ಕಟ್ಟಿದ್ದು, ಈ ಊರಿನಲ್ಲೇ ನಾನು ಹುಟ್ಟಿದ್ದು. ಬಿಟ್ಟುಹೋಗುವವರು ಬೇರೆ, ನಾನು ಬೇರೆ ಎಂಬ ಬಿಗುಮಾನ ಗಟ್ಟಿಯಾಗಿತ್ತು.

ಮಳೆ ನಿಂತು ಬಿಸಿಲು ಕಾಯತೊಡಗಿದ ಒಂದು ಬೆಳಿಗ್ಗೆ ಕಂಪ್ಯೂಟರ್ ಹಾಕಿದೆ. ಬೀಪ್ ಎಂದಿತು.

ಮೊದಲು ಮಾಡಿದ್ದು ಹಿತ್ತಲ ಬಾಗಿಲಿನ ಚಿಲಕ ನೋಡಿದ್ದು. ಆಮೇಲೆ ಅಟ್ಟ ಹತ್ತಿ ನೋಡಿದೆ, ಬಚ್ಚಲುಮನೆ ನೋಡಿದೆ. ಯಾರೋ ಮನೆಯೊಳಗೆ ಸೇರಿಕೊಂಡಿರಬೇಕು ಎಂದು ನಿಜವಾಗಿಯೂ ಅನಿಸಿತು. ಅನುಮಾನ ಅಷ್ಟು ಮೈಗೂಡಿತ್ತು. ತಿರುಗಿ ಬಂದು ಮುಚ್ಚಳ ಬಿಚ್ಚಿದೆ. ಪಟ್ಟಿಯ ಉದ್ದಕ್ಕೂ ಹಸಿರು, ಎಳೆ ಗರಿಕೆಯ ಬಣ್ಣ. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನಡುಮನೆಯಲ್ಲಿ ನಿಂತೆ. ಮನೆಯಲ್ಲಿ ಇದ್ದದ್ದು ನಾನೊಬ್ಬಳೇ.

ನಗು ಬಂತು. ನಗುತ್ತಾ ನಗುತ್ತಾ ಕುರ್ಚಿಯ ಮೇಲೆ ಕೂತೆ, ಕಣ್ಣಲ್ಲಿ ನೀರೂ ಬಂತು. ರಬ್ಬರಿಗೆ ಕೈ ಹಾಕಲಿಲ್ಲ. ಇವರಿಗೆ ಫೋನ್ ಮಾಡಿದೆ. ಅತ್ತ ಕಡೆ ತಟ್ಟೆಗಳ ಸದ್ದು, ಯಾರೋ ಮಜ್ಜಿಗೆ ಕೇಳುತ್ತಿದ್ದರು.

"ನಾನು ಅಲ್ಲಿಗೆ ಬರ್ತಾ ಇದೀನಿ" ಎಂದೆ. "ನೋಡಿಕೊಂಡು ಹೋಗೋಕಲ್ಲ. ಇರೋಕೆ."

ಇವರು ಕೇಳಿದರು: "ಯಾರು ಹೇಳಿದ್ರು ಬಾ ಅಂತ? ಅವ್ವ ಏನಾದ್ರೂ...?"

"ಯಾರೂ ಹೇಳಲಿಲ್ಲ."

ಅವರು ನಂಬುತ್ತಾರೋ ಇಲ್ಲವೋ ಎಂದು ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಆಮೇಲೆ ಅವರ ದನಿ ಬಂತು, ಮೊದಲಿನ ಹಾಗೆ, ತಿದ್ದಿ ತೀಡಿದ ಹಾಗೆ:

"ಮಧ್ಯಾಹ್ನದ ಬಸ್ಸಿಗೆ ಬಾ. ಬಲಗಡೆ ಸೀಟಲ್ಲಿ ಕೂತ್ಕೋ. ಎಡಗಡೆ ದಾರಿಯುದ್ದಕ್ಕೂ ಬಿಸಿಲು ಹೊಡೆಯುತ್ತೆ."